ಟಮರ್ಯಾಕ್ ಕೌಂಟಿಯ ಜೋಡು ಸ್ವಿಚ್ಚು

ಮರದ ಹಾಸಿನ ಮೇಲೆ ಚೆಂಡು ಉರುಳಿಸುವ ಬೌಲಿಂಗ್ ಆಟದ ಕಟ್ಟಡವನ್ನು ಕೌಂಟಿ ಕೊಂಡು, ಹಾಸು ಕಿತ್ತು, ಗೋಡೆಗೆ ಮೂರು ಸಲ ಬಣ್ಣ ಬಳಿದರೂ ಜೋಡಿನ ವಾಸನೆ ಮಾತ್ರ ಹೋಗಿರಲಿಲ್ಲ. ನಲವತ್ತು ವರ್ಷ ಒಬ್ಬರು ಕಳಚಿಟ್ಟ ಬಾಡಿಗೆ ಬೂಟಿಗೆ ಇನ್ನೊಬ್ಬರು ಕಾಲು ತೂರಿಸಿ ಬೆವರಿದ ಜಾಗ ಅದು. ಆ ಬೆವರು ಸಿಮೆಂಟಿಗೂ ಇಳಿದಿರಬೇಕು. ಹೊಸ ಬಣ್ಣದ ಘಾಟು ಸೇರಿ ಈಗ ಒದ್ದೆ ನಾಯಿಗೆ ಅತ್ತರು ಪೂಸಿದ ಹಾಗಿತ್ತು.

ಆರ್ಲಿಸ್ ಟ್ವೈಟ್ ಬಾಗಿಲಲ್ಲೇ ಮೂಗು ಮುಚ್ಚಿಕೊಂಡಳು. ಕೌಂಟಿಯ ಕಂಪ್ಯೂಟರುಗಳ ಕೇಬಲ್ಲು, ಅವನ್ನು ಒಂದಕ್ಕೊಂದು ಜೋಡಿಸುವ ಸ್ವಿಚ್ಚು ಪೆಟ್ಟಿಗೆಗಳನ್ನು ಇಪ್ಪತ್ತಾರು ವರ್ಷದಿಂದ ನೋಡಿಕೊಂಡು ಬಂದವಳು. ಜೋಡಿ ಸ್ವಿಚ್ಚು ಪರೀಕ್ಷೆ ಮಾಡಲು ಜೋಡಿನಂಗಡಿಯ ಗಬ್ಬಿಗೆ ಬರಬೇಕಾಯಿತಲ್ಲ ಎಂದು ತನಗೆ ತಾನೇ ಹೇಳಿಕೊಂಡು, ಯಾರೂ ನಗುವವರಿಲ್ಲದ್ದರಿಂದ ತಾನೇ ಸ್ವಲ್ಪ ನಕ್ಕಳು. ಅವತ್ತು ಅವಳು ನಕ್ಕದ್ದು ಅಷ್ಟೇ.

ಅಕ್ಟೋಬರಿನ ಒಂದು ಬುಧವಾರ, ಬೆಳಿಗ್ಗೆ ಹನ್ನೊಂದು. ಮಧ್ಯಾಹ್ನ ಎರಡಕ್ಕೆ ಕೌಂಟಿಯ ಹಿರಿಯರೆಲ್ಲ ಬಂದು ರಿಬ್ಬನ್ ಕತ್ತರಿಸುವವರಿದ್ದರು. ಮೂರಕ್ಕೆ, ಇಡೀ ಕೌಂಟಿಯಲ್ಲಿ ಯಾರು 911 ಒತ್ತಿದರೂ ಆ ತುರ್ತು ಕರೆ ಕೋರ್ಟಿನ ಹಳೆಯ ನೆಲಮಾಳಿಗೆ ಬಿಟ್ಟು ಈ ಹೊಸ ಕೇಂದ್ರಕ್ಕೆ ಬರಬೇಕು. ಎರಡಕ್ಕೂ ಮೂರಕ್ಕೂ ನಡುವೆ ಒಂದು ಕಾಗದವಿತ್ತು. ಒಂದು ಸ್ವಿಚ್ಚು ಕೆಟ್ಟರೆ ಇನ್ನೊಂದು ಹೊರುತ್ತದೆ, ತಂತಿ ಎಳೆದು ನೋಡಲಾಗಿದೆ ಎಂದು ಆ ಕಾಗದದ ತಳದಲ್ಲಿ ಆರ್ಲಿಸ್ ಸಹಿ ಹಾಕಬೇಕಿತ್ತು. ಅವಳ ಸಹಿ ನಂಬಿ ಹನ್ನೊಂದು ಸಾವಿರ ಜನ ಫೋನ್ ಎತ್ತುವವರಿದ್ದರು.

ಯಂತ್ರದ ಕೋಣೆಯಲ್ಲಿ ಬ್ರೋಡಿ ಕೆಸ್ಲರ್ ಕಾಲು ಚಾಚಿ ಕುಳಿತಿದ್ದ. ಸ್ವಿಚ್ಚುಗಳನ್ನು ಕೂರಿಸಲು ಬಂದ ಮಿನಿಯಾಪೊಲಿಸ್ಸಿನ ಗುತ್ತಿಗೆ ಕಂಪನಿಯವನು. ಎರಡು ವಾರದಿಂದ ಈ ಕೋಣೆಯೇ ಅವನ ಮನೆ. ಹಾಗೆಂದು ನೋಡಿದರೇ ಗೊತ್ತಾಗುತ್ತಿತ್ತು. ಮೂಲೆಯಲ್ಲಿ ಅರ್ಧ ತಿಂದ ಪಿಜ್ಜಾ, ಅದರ ಚೀಸ್ ಬೆವರಿ ಒಣಗಿ ಚರ್ಮದಂತಾಗಿತ್ತು. ಕೇಬಲ್ಲಿನ ಚೀಟಿಗಳ ಮೇಲೆಲ್ಲ ಕಂದು ಹೆಬ್ಬೆರಳಿನ ಗುರುತು. ಎಡ ಸ್ವಿಚ್ಚಿನ ತಲೆಯ ಮೇಲೆ ಒಂದು ಪ್ಲಾಸ್ಟಿಕ್ ಬಾಟಲಿ, ಅದರಲ್ಲಿ ಕಾಲುಭಾಗ ಕಂದು ನೀರು.

"ಬಂದ್ರಾ ಆರ್ಲಿಸ್? ನೋಡಿ, ಎಲ್ಲಾ ಹಸಿರು. ಜೂನ್ ತಿಂಗಳ ಜೋಳದ ಹೊಲ ಇದ್ದಂಗಿದೆ."

"ಆ ಬಾಟ್ಲಿ ಏನು?"

"ಯಾವ್ದು? ಓ, ಅದಾ. ತಂಬಾಕು ಉಗುಳೋಕೆ. ಮುಚ್ಚಳ ಹಾಕಿದೀನಿ, ಚೆಲ್ಲಲ್ಲ."

"ಮುಚ್ಚಳ ಹಾಕಿದ್ರೆ ಉಗುಳು ಕಾಫಿ ಆಗುತ್ತಾ?"

"ನೀವು ಬಲೇ ತಮಾಷೆ," ಎಂದು ಬ್ರೋಡಿ ಕೆಳತುಟಿಯೊಳಗಿನ ಉಂಡೆಯನ್ನು ನಾಲಿಗೆಯಿಂದ ಸರಿಪಡಿಸಿಕೊಂಡ. ಆರ್ಲಿಸ್ ಕರವಸ್ತ್ರದಲ್ಲಿ ಬಾಟಲಿಯ ಕತ್ತು ಹಿಡಿದು, ಸತ್ತ ಇಲಿಯನ್ನು ಒಯ್ಯುವಂತೆ ಒಯ್ದು ಬಾಗಿಲಾಚೆ ಇಟ್ಟು ಬಂದಳು.

ಆ ಜೋಡಿ ಸ್ವಿಚ್ಚಿನ ಸಂಸಾರ ಹೀಗಿರಬೇಕು. ಕರೆ ಕೇಳುವ ಮೇಜುಗಳಿಂದಲೂ ಸರ್ವರುಗಳಿಂದಲೂ ಬರುವ ಕೇಬಲ್ಲು ಎರಡೆರಡು. ಒಂದು ಎಡದ ಸ್ವಿಚ್ಚಿಗೆ, ಒಂದು ಬಲದ್ದಕ್ಕೆ. ಸ್ವಿಚ್ಚು ಎರಡಾದರೂ ಹೊರಗಿನವರ ಮುಂದೆ ತಾವಿಬ್ಬರೂ ಒಬ್ಬನೇ ಎಂದು ನಟಿಸಬೇಕು. ಆ ನಟನೆಗೆ ತಾಳ ತಪ್ಪದಿರಲೆಂದು ಎರಡರ ನಡುವೆ ಒಂದು ಜೊತೆ ದಪ್ಪ ಕೇಬಲ್ಲು. ಅದಲ್ಲದೆ, ಬೇರೆಯದೇ ದಾರಿಯಲ್ಲಿ, ಒಂದು ಸಣ್ಣ ಕೇಬಲ್ಲು. ಅದರಲ್ಲಿ ಹರಿಯುವುದು ಒಂದೇ ಪ್ರಶ್ನೆ, ಒಂದೇ ಉತ್ತರ. ಇದ್ದೀಯಾ? ಇದ್ದೀನಿ. ದಪ್ಪದ್ದು ಕಿತ್ತುಹೋದರೂ ಸಣ್ಣದು ಉಳಿದಿದ್ದರೆ, ಕಿರಿಯದಾದ ಬಲ ಸ್ವಿಚ್ಚು 'ಅಣ್ಣ ಬದುಕಿದ್ದಾನೆ' ಎಂದರಿತು ಬಾಯಿ ಮುಚ್ಚಿಕೊಳ್ಳುತ್ತದೆ, ಹಿರಿಯದು ಮನೆ ನಡೆಸುತ್ತದೆ. ಸಣ್ಣದೂ ಇಲ್ಲವಾದರೆ ಎರಡೂ 'ಅವನು ಸತ್ತ, ಇನ್ನು ನಾನೇ ಯಜಮಾನ' ಎಂದು ಗದ್ದುಗೆ ಏರುತ್ತವೆ. ಒಂದಕ್ಕೆ ಹೇಳಿದ ಮಾತು ಇನ್ನೊಂದಕ್ಕೆ ತಿಳಿಯದೆ, ಕೇಳಿದವರಿಗೆ ಉತ್ತರ ಸಿಗದೆ, ಮನೆಯಲ್ಲಿ ರಂಪ.

ಕೌಂಟಿಯ ಆಡಳಿತಾಧಿಕಾರಿ ಡ್ವೇನ್ ರಾಸ್ಮುಸೆನ್ ಲೆಮನ್ ಬಾರು ಎಂಬ ನಿಂಬೆ ಸಿಹಿಯ ತಟ್ಟೆ ಹಿಡಿದು ಒಳಗೆ ಬಂದ. ಸಮಾರಂಭಕ್ಕೆಂದು ತಂದದ್ದು, ಆಗಲೇ ಮೂರು ಖಾಲಿಯಾಗಿದ್ದವು. ಮೇಲಿನ ಸಕ್ಕರೆ ಪುಡಿ ಅವನ ಮೀಸೆಯಲ್ಲಿತ್ತು.

"ಹೇಗಿದೆ? ಪರವಾಗಿಲ್ಲ ಅಲ್ವಾ?"

ಡ್ವೇನ್‌ಗೆ ಜಗತ್ತಿನಲ್ಲಿ ಎಲ್ಲವೂ ಪರವಾಗಿಲ್ಲ. ಅಳಿಯ ಓಡಿಹೋದದ್ದು ಪರವಾಗಿಲ್ಲ, ಮೈನಸ್ ಮೂವತ್ತರ ಚಳಿ ಪರವಾಗಿಲ್ಲ. ಊಟದ ಹೊತ್ತಿನಲ್ಲಿ ಆರ್ಲಿಸ್ ಅವನ ಹಾಗೆ ಭುಜ ಕುಗ್ಗಿಸಿ, "ಮನೆಗೆ ಬೆಂಕಿ ಬಿತ್ತು ನೋಡು, ಕೈ ಕಾಯಿಸ್ಕೊಳ್ಳೋಕೆ ಪರವಾಗಿಲ್ಲ" ಎಂದು ಆಡಿ ತೋರಿಸಿದರೆ, ಕರೆ ಕೇಳುವ ಜೊಲೀನ್ ಬೆಲಾಂಜೆ ಸೂಪಿನ ಚಮಚ ಕೆಳಗಿಟ್ಟು ನಗುತ್ತಿದ್ದಳು. ಆ ಕೌಂಟಿಯಲ್ಲಿ ಆರ್ಲಿಸ್ ಅಣಕಿಸದ ದನಿಯಿರಲಿಲ್ಲ.

"ಶುರು ಮಾಡೋಣ," ಎಂದಳು ಆರ್ಲಿಸ್.

"ನಾನೇ ಎಳೀತೀನಿ," ಎಂದು ಬ್ರೋಡಿ ಮುಂದಾಗಿ, ಬಲ ಸ್ವಿಚ್ಚಿನ ಕರೆಂಟಿನ ತಂತಿ ಕಿತ್ತ. ಅದರ ದೀಪಗಳು ಕಣ್ಣು ಮುಚ್ಚಿದವು. ಪರೀಕ್ಷೆಗೆಂದು ಹಚ್ಚಿಟ್ಟ ಪರದೆಯ ಮೇಲಿನ ನಕ್ಷೆ ಅಲುಗಾಡಲಿಲ್ಲ. ಡ್ವೇನ್ ಚಪ್ಪಾಳೆ ತಟ್ಟಿದ. ಬ್ರೋಡಿ ತಂತಿ ಮರಳಿ ಸಿಕ್ಕಿಸಿ, ಐದು ನಿಮಿಷದಲ್ಲಿ ದೀಪಗಳೆಲ್ಲ ಹಸಿರಾದ ಮೇಲೆ, ಸರ್ಕಸ್ಸಿನವನಂತೆ ಕೈ ಬಿಚ್ಚಿದ.

"ಆಯ್ತಲ್ಲ? ಹಸಿರು ಅಂದ್ರೆ ಹಸಿರು. ಸಹಿ ಹಾಕ್ಬಿಡಿ."

ಎಳೆಯುವ ಪರೀಕ್ಷೆಯೆಂದರೆ ಈ ಕಸುಬಿನವರೆಲ್ಲ ಎಳೆಯುವುದು ಇದನ್ನೇ. ಸುಲಭದ್ದನ್ನು, ಖಂಡಿತ ಪಾಸಾಗುವುದನ್ನು. ದಪ್ಪ ಕೇಬಲ್ಲಿಗೆ ಕೈ ಹಾಕುವವರು ಕಡಿಮೆ. ಆರ್ಲಿಸ್ ಟಾರ್ಚು ಹಿಡಿದು ಸ್ವಿಚ್ಚುಗಳ ಬೆನ್ನಿಗೆ ಹೋದಳು. ಅಲ್ಲಿ, 'ಇದ್ದೀಯಾ' ಎಂದು ಕೇಳುವ ಸಣ್ಣ ಕೇಬಲ್ಲಿನ ತೂತುಗಳು. ಎರಡರಲ್ಲೂ ಕಾರ್ಖಾನೆಯಿಂದ ಬಂದ ಕಪ್ಪು ಪ್ಲಾಸ್ಟಿಕ್ ಬಿರಡೆ ಹಾಗೆಯೇ ಇತ್ತು.

ಬ್ರೋಡಿ ಆ ಕೇಬಲ್ಲನ್ನು ಹಾಕಿಯೇ ಇರಲಿಲ್ಲ. 'ಇದ್ದೀಯಾ'ವನ್ನೂ ದಪ್ಪ ಕೇಬಲ್ಲಿನೊಳಗೇ ತುರುಕಿದ್ದ. ಸೇತುವೆ ಮುರಿದಿದೆಯೇ ನೋಡಿ ಬಾ ಎಂದು ಅದೇ ಸೇತುವೆಯ ಮೇಲೆ ಆಳು ಕಳಿಸಿದಂತೆ. ಸೋಮಾರಿತನ ಇಷ್ಟು ಅಂಟಂಟಾಗಿ ಅವಳ ಕೈಗೆ ಎಂದೂ ತಗಲಿರಲಿಲ್ಲ. ಅವಳಿಗೆ ಅಸಹ್ಯವಾಯಿತು. ಅದರ ಹಿಂದೆಯೇ, ಒಳಗಿನಿಂದ ಒಂದು ಖುಷಿಯೂ ಎದ್ದಿತು.

ಮಾರ್ಚ್ ತಿಂಗಳ ಸಭೆಗೆ ಅವಳು ತಂದ ನಕ್ಷೆಯಲ್ಲಿ ಆ ಸಣ್ಣ ಕೇಬಲ್ಲು ಕೆಂಪು ಶಾಯಿಯಲ್ಲಿತ್ತು. ಬ್ರೋಡಿ ಎಲ್ಲರೆದುರಿಗೆ, "ಹಳೇ ಕಾಲದವ್ರಿಗೆ ಕೇಬಲ್ ಕಂಡ್ರೆ ಬಲು ಪ್ರೀತಿ" ಎಂದಿದ್ದ. ಡ್ವೇನ್ ನಕ್ಕಿದ್ದ.

"ಬ್ರೋಡಿ, ಇದ್ದೀಯಾ-ಇದ್ದೀನಿ ಸರಿಯಾಗಿ ನಡೀತಿದ್ಯಾ?" ಎಂದು ಅವಳು ಬೆಣ್ಣೆಯಂಥ ದನಿಯಲ್ಲಿ ಕೇಳಿದಳು.

ಬ್ರೋಡಿ ಪರದೆ ತಿರುಗಿಸಿದ. "ನೋಡಿ, ಜೀವ ಇದೆ ಅಂತ ಅದೇ ಬರ್ದಿದೆ. ಇನ್ನೇನು ನಾಡಿ ಹಿಡಿದು ನೋಡ್ಬೇಕಾ?"

"ಜೀವ ಇದೆ ಅಂತ ಬರ್ದಿದ್ರೆ ಸಾಕಲ್ವಾ ಮತ್ತೆ," ಎಂದಳು.

ಬಿರಡೆ ತೋರಿಸಿ, "ಇದೇನಪ್ಪಾ?" ಎಂದಿದ್ದರೆ ಹದಿನೈದು ನಿಮಿಷದ ಕೆಲಸ. ಆದರೆ ಅವಳಿಗೆ ಬೇಕಾದದ್ದು ಹದಿನೈದು ನಿಮಿಷವಲ್ಲ, ಅವನ ಮುಖ. ಡ್ವೇನ್ ನೋಡುತ್ತಿರುವಾಗ ಆ ಮುಖ ಹೇಗಾಗುತ್ತದೆ ಎಂಬುದು. ಅವಳು ಎರಡು ಕೈಯಲ್ಲಿ ಎರಡು ದಪ್ಪ ಕೇಬಲ್ಲು ಹಿಡಿದಳು. ಗಂಟೆ ಹನ್ನೆರಡು ನಲವತ್ತೊಂದು.

"ಅಯ್ಯೋ, ಅದನ್ನ ಯಾರೂ ಎಳೆಯಲ್ಲ—" ಎಂದ ಬ್ರೋಡಿ.

ಆರ್ಲಿಸ್ ತುಟಿ ಉಬ್ಬಿಸಿ, ಅವನದೇ ಮೂಗಿನ ದನಿಯಲ್ಲಿ, "ಹಸಿರು ಅಂದ್ರೆ ಹಸಿರು, ಮಾರಾಯಾ," ಎಂದು ಎರಡನ್ನೂ ಕಿತ್ತಳು.

ಒಂದು ಕ್ಷಣ ಏನೂ ಆಗಲಿಲ್ಲ. ಕಿತ್ತ ಎರಡು ತೂತು ಬಿಟ್ಟು ಮಿಕ್ಕ ದೀಪಗಳೆಲ್ಲ ಹಸಿರೋ ಹಸಿರು. ಬ್ರೋಡಿಯ ಬಾಯಿ ನಗಲು ಅರ್ಧ ತೆರೆಯಿತು. ಆಗ ಪಕ್ಕದಲ್ಲಿದ್ದ, ಕರೆ ಕೇಳುವ ಮೇಜುಗಳ ಹಾಲಿನಿಂದ ಜೊಲೀನ್‌ಳ ದನಿ ಕೇಳಿತು.

"ಹಲೋ? ಅಮ್ಮಾ? ಅಮ್ಮಾ, ಕೇಳಿಸ್ತಿದ್ಯಾ? ಒತ್ತೋದು ನಿಲ್ಲಿಸ್ಬೇಡಿ! ಹಲೋ?"

ಆರ್ಲಿಸ್‌ಗೆ ಮೊದಲು ಅರ್ಥವಾಗಲಿಲ್ಲ. ಕರೆಗಳು ಬರುವುದು ಮೂರಕ್ಕೆ. ಅವಳು ಡ್ವೇನ್‌ನ ಮುಖ ನೋಡಿದಳು. ಅದು ಮೀಸೆಯ ಸಕ್ಕರೆಗಿಂತ ಬೆಳ್ಳಗಾಗಿತ್ತು.

"ಪೂರ್ವದ ಮೂರು ಊರಿನ ಕರೆ ಮಾತ್ರ," ಎಂದ ಅವನು. "ಹನ್ನೆರಡಕ್ಕೇ ಇಲ್ಲಿಗೆ ತಿರುಗಿಸ್ದೆ. ಪತ್ರಿಕೆಯವನು ಫೋಟೋ ತೆಗೀಬೇಕಿತ್ತು, ನಿಜವಾದ ಕರೆ ಬಂದಾಗ. ನಿನಗೆ ಹೇಳೋಣ ಅಂತಿದ್ದೆ..."

ಆರ್ಲಿಸ್ ಕೇಬಲ್ಲುಗಳನ್ನು ಮರಳಿ ತುರುಕಿದಳು. ಆದರೆ ಜಗಳವಾಡಿದ ಇಬ್ಬರು ಯಜಮಾನರು ತಂತಿ ಸಿಕ್ಕಿಸಿದ ಕೂಡಲೇ ಕೈ ಕುಲುಕುವುದಿಲ್ಲ. ಯಾರು ಹಿರಿಯ ಎಂದು ತೀರ್ಮಾನವಾಗಬೇಕು, ಕಿರಿಯನ ಬಾಗಿಲುಗಳು ಒಂದೊಂದಾಗಿ ಮುಚ್ಚಿ ತೆರೆಯಬೇಕು. ಅವಳು ಹಾಲಿಗೆ ಓಡಿದಳು. ಜೊಲೀನ್ ಹೆಡ್‌ಸೆಟ್ ಕಿತ್ತೆಸೆದಿದ್ದಳು. ಕರೆ ಬಂದೊಡನೆ ನಂಬರನ್ನು ಪೆನ್ಸಿಲಿನಲ್ಲಿ ಗೀಚಿಕೊಳ್ಳುವ ಅವಳ ಹತ್ತೊಂಬತ್ತು ವರ್ಷದ ಹಳೆಯ ಚಾಳಿ ಅವತ್ತು ಕೈ ಹಿಡಿದಿತ್ತು. ತನ್ನ ಸ್ವಂತ ಮೊಬೈಲಿನಲ್ಲಿ ಆ ನಂಬರು ಒತ್ತುತ್ತಿದ್ದಳು. ಪತ್ರಿಕೆಯವನು ಕ್ಯಾಮೆರಾ ಎದೆಗವಚಿಕೊಂಡು ಗೋಡೆಗೆ ಒರಗಿದ್ದ.

"ಅಮ್ಮಾ, ನಾನೇ, ನಾನೇ. ಲೈನು ಹೋಗಿತ್ತು. ಒತ್ತುತಾ ಇದೀರಾ? ನಿಲ್ಲಿಸ್ಲಿಲ್ವಾ? ಬಲು ಒಳ್ಳೇದು. ನನ್ ಜೊತೆ ಎಣಿಸಿ. ಒಂದು, ಎರಡು, ಮೂರು, ನಾಲ್ಕು..."

ಯಾವುದೋ ಕೆರೆಯ ದೋಣಿಮನೆಯಲ್ಲಿ ಒಬ್ಬ ಗಂಡಸು ಉಸಿರಿಲ್ಲದೆ ಬಿದ್ದಿದ್ದ. ಅವನ ಹೆಂಡತಿ ಅವನ ಎದೆ ಒತ್ತುತ್ತಿದ್ದಳು. ಆಂಬುಲೆನ್ಸು ಹೋಗಿ ಸೇರಲು ಹನ್ನೊಂದು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಜೊಲೀನ್ ಎಣಿಸಿದಳು. ಆರ್ಲಿಸ್, ಡ್ವೇನ್, ಬ್ರೋಡಿ ಮೂವರೂ ಬಾಗಿಲಲ್ಲಿ ನಿಂತು ಕೇಳಿದರು. ಡ್ವೇನ್‌ನ ಕೈಯಲ್ಲಿ ತಟ್ಟೆ ಇನ್ನೂ ಇತ್ತು. ಇಡಬೇಕೆಂದು ಅವನಿಗೆ ಹೊಳೆಯಲಿಲ್ಲ. ಬ್ರೋಡಿ ತಂಬಾಕಿನ ರಸವನ್ನು ಉಗುಳಲು ಜಾಗವಿಲ್ಲದೆ ನುಂಗಿದ. ಆರ್ಲಿಸ್‌ಗೆ ಅವನ ಗಂಟಲಿನ ಸದ್ದು ಕೇಳಿ ಅಸಹ್ಯವಾಯಿತು. ಆದರೆ ಆ ಅಸಹ್ಯ ಅವನ ಮೇಲೇ ನಿಲ್ಲಲಿಲ್ಲ. ತಿರುಗಿ ಬಂದು ಅವಳ ಮೇಲೇ ಕುಳಿತಿತು.

ಏಕೆಂದರೆ ಕೌಂಟಿಯಲ್ಲಿ ಒಂದು ಪದ್ಧತಿಯಿತ್ತು. ಯಾವ ತಂತಿ ಎಳೆಯುವ ಮೊದಲೂ, ಕರೆ ಇರಲಿ ಬಿಡಲಿ, ಹಾಲಿನ ಬಾಗಿಲಿಗೆ ಬಂದು "ಎಳೀತೀನಿ" ಎಂದು ಕೂಗಬೇಕು. ಒಳಗಿನಿಂದ "ಎಳಿ" ಎಂಬ ಉತ್ತರ ಬರುವ ತನಕ ಕೈ ಮುಟ್ಟುವಂತಿಲ್ಲ. ಬ್ರೋಡಿಗೆ ಅದು ಗೊತ್ತಿರಲಿಲ್ಲ, ಕೂಗದೆಯೇ ಎಳೆದಿದ್ದ. ಆರ್ಲಿಸ್‌ಗೆ ಗೊತ್ತಿತ್ತು. ಪದ್ಧತಿ ಮಾಡಿದವಳೇ ಅವಳು. ಅವನು ಎಳೆದಾಗ ತಡೆಯಲಿಲ್ಲ. ತಾನು ಎಳೆಯುವಾಗ ಕೂಗಲಿಲ್ಲ. ಕೂಗಿದ್ದರೆ ಬ್ರೋಡಿ "ಯಾವುದನ್ನ?" ಎಂದು ಎಚ್ಚೆತ್ತುಕೊಳ್ಳುತ್ತಿದ್ದ. ಅವನ ಮುಖ ನೋಡುವ ಆಟ ಕೆಡುತ್ತಿತ್ತು.

ಕೊನೆಗೆ ಜೊಲೀನ್ ಮೊಬೈಲು ಕೆಳಗಿಟ್ಟು ಎದ್ದು ಬಂದಳು.

"ಯಾರು ಎಳ್ದಿದ್ದು?"

ಬ್ರೋಡಿಯ ಬೆರಳು ಮೇಲೇಳುವಷ್ಟರಲ್ಲಿ ಆರ್ಲಿಸ್, "ನಾನು," ಎಂದಳು.

"ಕೂಗ್ಲಿಲ್ಲ."

"ಕೂಗ್ಲಿಲ್ಲ. ಕರೆ ಇಲ್ಲಿಗೆ ಬರ್ತಿದೆ ಅಂತ ನನಗೆ—"

"ನಾನು ಅದನ್ನ ಕೇಳ್ಲಿಲ್ಲ, ಆರ್ಲಿಸ್. ಬಾಗಿಲು ಹತ್ತು ಹೆಜ್ಜೆ ಇದೆ. ನಿನ್ ದನಿ ಮಾತ್ರ ಚೆನ್ನಾಗಿ ಕೇಳಿಸ್ತು. ಇವ್ನ ಥರ ಮಾತಾಡ್ತಿದ್ದೆ."

"ಪರವಾಗಿಲ್ಲ ಜೊಲೀನ್," ಎಂದು ಡ್ವೇನ್ ನಡುವೆ ಬಂದ. "ಆ ಮನುಷ್ಯನಿಗೆ ಏನೂ—"

"ಗಾಡಿಗೆ ಹಾಕುವಾಗ ನಾಡಿ ಇತ್ತು. ಆಮೇಲಿಂದು ನಮಗೆ ಯಾವತ್ತೂ ಯಾರೂ ಹೇಳಲ್ಲ, ಡ್ವೇನ್. ನಿಮಗೇನಾದ್ರೂ ಹೇಳ್ತಾರಾ? ಇಲ್ವಲ್ಲ. ಮತ್ತೆ ಪರವಾಗಿಲ್ಲ ಅನ್ನೋಕೆ ನೀವ್ಯಾರು?"

ಪೂರ್ವದ ಮೂರು ಊರುಗಳ ಕರೆಗಳನ್ನು ಡ್ವೇನ್ ಆಗಲೇ ನೆಲಮಾಳಿಗೆಗೆ ಹಿಂದಿರುಗಿಸಿದ. ಪತ್ರಿಕೆಯವನು ಯಾರಿಗೂ ಹೇಳದೆ ಹೊರಟುಹೋದ. ಬ್ರೋಡಿ ಸ್ವಿಚ್ಚುಗಳ ಬೆನ್ನಿಗೆ ತೂರಿ, ಎರಡು ಕಪ್ಪು ಬಿರಡೆಗಳನ್ನು ಉಗುರಿನಿಂದ ಮೀಟಿ ತೆಗೆದು, ಸಣ್ಣ ಕೇಬಲ್ಲು ಹಾಕಿದ.

"ನಿಮಗೆ ಮೊದ್ಲೇ ಕಂಡಿತ್ತಲ್ವಾ?" ಎಂದ ಕತ್ತಲೊಳಗಿನಿಂದ. "ಬಿರಡೆ. ಟಾರ್ಚು ಅಲ್ಲೇ ನಿಂತಿತ್ತು. ನಾನು ನೋಡ್ದೆ."

"ಕಂಡಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

ಅವನು ಜಗಳಕ್ಕೆ ಕೇಳಿದ್ದಲ್ಲ, ನಿಜಕ್ಕೂ ತಿಳಿಯದೆ ಕೇಳಿದ್ದ. ಇಪ್ಪತ್ತಾರು ವರ್ಷದಲ್ಲಿ ಈ ಕೊಳಕು ಹುಡುಗನಷ್ಟು ಕೊಳಕಾಗಿ ಆರ್ಲಿಸ್ ಎಂದೂ ಕೆಲಸ ಮಾಡಿರಲಿಲ್ಲ. ಇವತ್ತು ಅವನನ್ನೂ ಮೀರಿಸಿದ್ದಳು. ಅವನದು ಬರೀ ಸೋಮಾರಿತನ. ಇವಳದು ಕಣ್ಣು ಬಿಟ್ಟುಕೊಂಡು ಮಾಡಿದ್ದು.

ಒಂದೂವರೆಗೆ ಅವಳು ಹಾಲಿನ ಬಾಗಿಲಿಗೆ ಬಂದು ನಿಂತಳು.

"ಎಳೀತೀನಿ."

ಹೊರಗಿನ ಒಂದೂ ಕರೆಯಿಲ್ಲದ ಪರದೆಯ ಮುಂದೆ ಜೊಲೀನ್ ಬೆನ್ನು ಹಾಕಿ ಕುಳಿತಿದ್ದಳು. ತಿರುಗಲಿಲ್ಲ. ಪೆನ್ಸಿಲ್ ಚೂಪು ಮಾಡಿದಳು. ಚೂರುಗಳನ್ನು ಅಂಗೈಗೆ ಬಳಿದು ಕಸದ ಬುಟ್ಟಿಗೆ ಹಾಕಿದಳು. ಆರ್ಲಿಸ್ ಕಾದಳು. ಜೋಡಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಮುಚ್ಚಿಕೊಳ್ಳಲು ಕೈ ಮೇಲೇಳಲಿಲ್ಲ.

"ಎಳಿ," ಎಂದಳು ಜೊಲೀನ್ ಕೊನೆಗೆ.

ದಪ್ಪ ಕೇಬಲ್ಲು ಎರಡನ್ನೂ ಎಳೆದಳು. ಬಲ ಸ್ವಿಚ್ಚು ಅಣ್ಣನನ್ನು ಕೇಳಿತು, ಉತ್ತರ ಸಿಕ್ಕಿತು, ತೆಪ್ಪಗಾಯಿತು. ಹಾಲಿನಲ್ಲಿ ಪರೀಕ್ಷೆಗೆಂದೇ ಹಚ್ಚಿಟ್ಟ ಕರೆ ಕಡಿಯದೆ ಮಾತನಾಡುತ್ತಲೇ ಇತ್ತು. ಚಪ್ಪಾಳೆ ತಟ್ಟುವವರಿರಲಿಲ್ಲ.

ಎರಡಕ್ಕೆ ಹತ್ತು ನಿಮಿಷವಿರುವಾಗ ಡ್ವೇನ್ ಅವಳನ್ನು ಮೂಲೆಗೆ ಕರೆದು ಹೊಸದೊಂದು ಕಾಗದ ಕೊಟ್ಟ. ಅಚ್ಚುಕಟ್ಟಾಗಿ ಟೈಪಾಗಿತ್ತು. ಒಂದೂವರೆಯ ಪರೀಕ್ಷೆ, ಪಾಸು. ಅದಕ್ಕೂ ಮುಂಚೆ ಆ ದಿನವೇ ಇರಲಿಲ್ಲ ಎಂಬಂತೆ.

"ಹನ್ನೆರಡು ನಲವತ್ತೊಂದು ಎಲ್ಲಿ?"

"ಅದು ಯಾಕೆ ಈಗ?" ಡ್ವೇನ್ ಅವಳ ಭುಜದ ಮೇಲೆ ಕೈಯಿಟ್ಟ. "ನಾನು ತಿರುಗಿಸಿದ್ದು ತಪ್ಪು, ಒಪ್ಕೋತೀನಿ. ಬ್ರೋಡಿದೂ ತಪ್ಪು. ಆದ್ರೆ ಎಳ್ದೋಳು ನೀನು. ಬರೆದ್ರೆ ಮೊದ್ಲು ನಿನ್ ಹೆಸ್ರೇ ಹಾಳಾಗೋದು. ನಿನಗೋಸ್ಕರ ಹೇಳ್ತಿದೀನಿ. ಈಗೆಲ್ಲಾ ಸರಿಯಾಗಿದೆ ತಾನೇ?"

ಅಂದು ಅವಳು ಕಂಡ ಹೊಲಸಿನಲ್ಲೆಲ್ಲ ಇದರಷ್ಟು ನುಣುಪಾದದ್ದು ಇರಲಿಲ್ಲ. ಪಿಜ್ಜಾ ಪಿಜ್ಜಾದ ಹಾಗೆ ನಾರುತ್ತಿತ್ತು, ಉಗುಳು ಉಗುಳಿನ ಹಾಗೇ ಇತ್ತು. ಇದು ಮಾತ್ರ ಬೆಚ್ಚಗೆ ಭುಜದ ಮೇಲೆ ಕುಳಿತು ಕರುಣೆಯ ಹಾಗೆ ತಟ್ಟುತ್ತಿತ್ತು. ಒಂದು ಗಳಿಗೆ ಅದು ಹಿತವಾಗಿಯೂ ಇತ್ತು. ಅದೇ ಅವಳಿಗೆ ಎಲ್ಲಕ್ಕಿಂತ ಹೇಸಿಗೆ ಅನಿಸಿದ್ದು.

ಅವಳು ಭುಜ ಕೊಡವಿ ಹಳೆಯ ಕಾಗದವನ್ನೇ ತೆಗೆದುಕೊಂಡಳು. ಪರೀಕ್ಷೆಯ ಫಲಿತಾಂಶದ ಖಾಲಿ ಜಾಗದಲ್ಲಿ ಬರೆದಳು. 'ಹನ್ನೆರಡು ನಲವತ್ತೊಂದಕ್ಕೆ ಮೊದಲ ಪರೀಕ್ಷೆ, ಫೇಲು. ಸಣ್ಣ ಕೇಬಲ್ಲು ಹಾಕಿರಲಿಲ್ಲ. ಅದು ನನಗೆ ಮೊದಲೇ ಕಂಡಿತ್ತು. ಹಾಲಿಗೆ ಕೂಗದೆ ಎಳೆದೆ. ನನಗೆ ತಿಳಿಸದೆ ಕರೆಗಳನ್ನು ಇಲ್ಲಿಗೆ ತಿರುಗಿಸಲಾಗಿತ್ತು. ಎದೆ ಒತ್ತುತ್ತಿದ್ದ ಒಬ್ಬ ಹೆಂಗಸಿನ ಕರೆ ಸುಮಾರು ಐವತ್ತು ಸೆಕೆಂಡು ಕಡಿಯಿತು. ಒಂದೂವರೆಗೆ ಎರಡನೆಯ ಪರೀಕ್ಷೆ, ಪಾಸು.' ಕೆಳಗೆ ಸಹಿ ಹಾಕಿದಳು.

ಡ್ವೇನ್ ಓದಿ ನಿಟ್ಟುಸಿರು ಬಿಟ್ಟ. "ಇದನ್ನ ಕಳಿಸಿದ್ರೆ ರಾಜ್ಯದವ್ರು ವಿಚಾರಣೆಗೆ ಬರ್ತಾರೆ. ಅಲ್ಲೀವರೆಗೂ ಕರೆ ಇಲ್ಲಿಗೆ ಬರೋ ಹಾಗಿಲ್ಲ. ಹೊರಗೆ ಹಿರಿಯರೆಲ್ಲಾ ಬಂದು ನಿಂತಿದಾರೆ, ನಾನು ರಿಬ್ಬನ್ ಹೇಗೆ ಕತ್ತರಿಸ್ಲಿ?"

"ಕತ್ತರೀಲಿ," ಎಂದಳು ಆರ್ಲಿಸ್. ಅಣಕದ ದನಿ ತಾನಾಗಿಯೇ ಹೊರಟಿತ್ತು. ಅವಳು ನಾಲಿಗೆ ಕಚ್ಚಿಕೊಂಡಳು.

ಹೊರಗೆ ಯಾರೋ ಚಪ್ಪಾಳೆ ಶುರುಮಾಡಿದ್ದರು. ಆರ್ಲಿಸ್ ಕಾಗದದ ಒಂದು ಪ್ರತಿ ತೆಗೆದು, ಎರಡನ್ನೂ ಹಿಡಿದು ಹಾಲಿಗೆ ಬಂದು, ಪ್ರತಿಯನ್ನು ಜೊಲೀನ್‌ಳ ಮೇಜಿನ ಮೇಲಿಟ್ಟಳು. ಕ್ಷಮೆ ಕೇಳಲು ಬಾಯಿ ತೆರೆದಳು. ಜೊಲೀನ್ ಅಂಗೈ ಅಡ್ಡ ಹಿಡಿದು ತಡೆದು, ಕಾಗದವನ್ನು ಮೊದಲಿಂದ ಕೊನೆಯವರೆಗೆ ಓದಿದಳು. ಓದಿ, ಒಂದು ಸಾಲಿನ ಮೇಲೆ ಪೆನ್ಸಿಲಿನ ತುದಿಯಿಟ್ಟಳು.

"ಇದೇನು, ಸುಮಾರು?"

"ಐವತ್ತು ಇರ್ಬೇಕು ಅಂತ..."

"ಐವತ್ತೆರಡು. ನಮ್ ಕಡೆ ಕಡಿದ್ರೂ ಲೈನಿನ ರೆಕಾರ್ಡಿಂಗ್‌ನಲ್ಲಿದೆ. ಆಮೇಲೆ ಕೇಳ್ದೆ. ಆಯಮ್ಮ ಒಬ್ಳೇ ಎಣಿಸ್ತಿದ್ಳು. ಎರಡು ಸಲ ತಪ್ಪಿ ಮತ್ತೆ ಒಂದ್ರಿಂದ ಶುರು ಮಾಡಿದ್ಳು." ಅವಳು ಕಾಗದವನ್ನು ಮೇಜಿನ ಆಚೆಗೆ ತಳ್ಳಿದಳು. "ತಿದ್ದು. ಎರಡ್ರಲ್ಲೂ."

ಆರ್ಲಿಸ್ ಬಗ್ಗಿ ನಿಂತು, 'ಸುಮಾರು ಐವತ್ತು' ಎಂಬುದನ್ನು ಹೊಡೆದುಹಾಕಿ, ಐವತ್ತೆರಡು ಎಂದು ಬರೆದಳು. ಆಮೇಲೆ ಎರಡನೆಯ ಕಾಗದ ತೆಗೆದುಕೊಂಡಳು.